ಗ್ಯಾರಂಟಿ ಯೋಜನೆಗಳಿಂದ ಜನ ಸೋಮಾರಿಗಳಾಗಿ ಕೂಲಿಗೆ ಬರುತ್ತಿಲ್ಲ ಅನ್ನೋದು ನಿಜವೇ?

"ಅಕ್ಕಿ ಫ್ರೀ, ತಿಂಗಳಿಗೆ 2000 ಫ್ರೀ, ಬಸ್ಸು ಫ್ರೀ. ಊರಲ್ಲಿ ಕೂಲಿಗೆ ಒಬ್ಬರೂ ಸಿಗುತ್ತಿಲ್ಲ. ಇದರಿಂದ ಬಡತನ ಹೋಗುತ್ತದಾ, ಜನ ಹಾಳಾಗುತ್ತಾರಾ?" ಅಂತ ಕೇಳಿದ್ದೀರಿ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಜಮೀನು, ಅರ್ಧ ಅಡಿಕೆ ತೋಟ, ಉಳಿದದ್ದು ಗದ್ದೆ. ಕೂಲಿಗೆ ಜನ ಕರೆಯುವ ಮನೆಯಲ್ಲೇ ಹುಟ್ಟಿದವನು ನಾನು, ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ಜನ ಸಿಗುತ್ತಿಲ್ಲ ಅನ್ನೋದು ನಿಜ. ಸೋಮಾರಿತನಕ್ಕೆ ಸಿಗುತ್ತಿಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ಒಂದು ಕಾಲದಲ್ಲಿ ಒಪ್ಪುತ್ತಿದ್ದೆ. ಅಡಿಕೆ ಗೊನೆ ಕೊಯ್ಲು ಶುರುವಾದರೆ ಸಾಕು, "ಅಕ್ಕಿ ಪುಕ್ಕಟೆ ಸಿಕ್ಕಿದ ಮೇಲೆ ಯಾರು ಬರ್ತಾರೆ?" ಅಂತ ಅಪ್ಪ ಶುರು ಮಾಡುತ್ತಿದ್ದರು, ನಾನೂ ತಲೆ ಆಡಿಸುತ್ತಿದ್ದೆ.

ನಮ್ಮ ಮನೆಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಡಿಕೆ ಸುಲಿಯಲು ಬಂದ ಒಬ್ಬ ಅಕ್ಕ ಇದ್ದಾರೆ. ರಾತ್ರಿ ಹತ್ತರವರೆಗೂ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದರು. ಒಂದು ವರ್ಷ ಅವರು ಬರಲಿಲ್ಲ. ಯಾಕೆ ಅಂತ ಸುಮ್ನೆ ಕೇಳಿದೆ. ಅವರು ಹೇಳಿದ್ದು ಇಷ್ಟು: "ಪಕ್ಕದ ಊರಲ್ಲಿ ಒಂದು ಡಬ್ಬ ಅಡಿಕೆ ಸುಲಿದ್ರೆ ಜಾಸ್ತಿ ಕೊಡ್ತಾರೆ ತಮ್ಮಾ. ಮುಂಚೆನೂ ಕೊಡ್ತಿದ್ರು. ಮಳೆಗಾಲದಲ್ಲಿ ನಿಮ್ಮ ಮನೆಯಿಂದ ಅಕ್ಕಿ ತಂದಿರ್ತಿದ್ದೆನಲ್ಲ, ಆಗ ಹೋಗೋ ಹಾಗಿರ್ಲಿಲ್ಲ."

ಆ ಅಕ್ಕಿಯ ಲೆಕ್ಕ ನನಗೆ ಚೆನ್ನಾಗಿ ನೆನಪಿದೆ. ಆಷಾಢದ ಮಳೆಯಲ್ಲಿ ಕೆಲಸ ಇರುವುದಿಲ್ಲ. ನಾಲ್ಕೈದು ಮನೆಯವರು ನಮ್ಮಲ್ಲಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಅಮ್ಮ ಅದನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಡುತ್ತಿದ್ದರು, ಯಾರು, ಎಷ್ಟು ಸೇರು ಅಂತ. ಸುಗ್ಗಿ ಬಂದಾಗ ಅವರು ಮೊದಲು ನಮ್ಮ ಕೆಲಸ ಮುಗಿಸಿಕೊಡಬೇಕು, ನಾವು ಹೇಳಿದ ಕೂಲಿಗೆ. ಯಾರೂ ಗದರಿಸುತ್ತಿರಲಿಲ್ಲ, ಅಮ್ಮ ಊಟ ಹಾಕುತ್ತಿದ್ದರು, ಹಬ್ಬಕ್ಕೆ ಕರೆಯುತ್ತಿದ್ದರು. ಆದರೂ ಆ ಹಾಳೆಯಲ್ಲಿ ಹೆಸರಿದ್ದವರು ಬೇರೆ ಅಂಗಳಕ್ಕೆ ಹೋಗುವ ಹಾಗಿರಲಿಲ್ಲ. ನಾವು ಅದನ್ನು ಉಪಕಾರ ಅಂತಲೇ ತಿಳಿದಿದ್ದೆವು. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಬಡ ಕುಟುಂಬಕ್ಕೆ ಕೆ.ಜಿ.ಗೆ 1 ರೂಪಾಯಿಯಂತೆ ತಿಂಗಳಿಗೆ 30 ಕೆ.ಜಿ.ವರೆಗೆ ಅಕ್ಕಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಮ್ಮನ ಕ್ಯಾಲೆಂಡರ್ ಹಿಂದೆ ಬರೆಯಲು ಏನೂ ಉಳಿಯಲಿಲ್ಲ. ಅದೇ ಹೊತ್ತಿಗೆ "ಜನ ಸೋಮಾರಿ ಆದ್ರು" ಅನ್ನುವ ಮಾತು ನಮ್ಮ ಮನೆಯಲ್ಲಿ ಶುರುವಾಯಿತು. ಅವರು ಕೆಲಸ ಬಿಟ್ಟಿರಲಿಲ್ಲ. ಕಡಿಮೆ ಕೂಲಿಗೆ ಬರುವುದನ್ನು ಬಿಟ್ಟಿದ್ದರು.

ಜನ ಸಿಗದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಆ ಮನೆಗಳ ಹುಡುಗರು ಶಿವಮೊಗ್ಗ, ಬೆಂಗಳೂರು ಅಂತ ಹೋಗಿದ್ದಾರೆ, ನಮ್ಮ ಮನೆಗಳ ಹುಡುಗರು ಹೋದ ಹಾಗೆಯೇ. ಸಣ್ಣ ರೈತನ ಕಷ್ಟವೂ ಸುಳ್ಳಲ್ಲ. ಕೊಳೆರೋಗ, ಎಲೆಚುಕ್ಕಿ ರೋಗ ಬಂದ ವರ್ಷ ಕೂಲಿ ಏರಿದರೆ ನಿಜಕ್ಕೂ ಉಸಿರು ಕಟ್ಟುತ್ತದೆ. ಆದರೆ ನಮ್ಮ ನಷ್ಟವನ್ನು ಅವರ ಹಸಿವಿನಿಂದ ತುಂಬಿಸಿಕೊಳ್ಳೋದು ಸರಿಯಲ್ಲ, ಅಲ್ವಾ?

ದೇಶದ ಲೆಕ್ಕ ಬೇಕು ಅಂದರೆ ಕೇಂದ್ರ ಸರ್ಕಾರದ್ದೇ ಕಾರ್ಮಿಕ ಬಲದ ಸಮೀಕ್ಷೆ ಇದೆ. ಹಳ್ಳಿಗಳಲ್ಲಿ 15 ವರ್ಷ ಮೇಲಿನ ಹೆಂಗಸರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರು 2017-18ರಲ್ಲಿ ನೂರಕ್ಕೆ 24.6 ಇದ್ದರು, 2023-24ರಲ್ಲಿ 47.6 ಆದರು. ಅದರಲ್ಲಿ ಸ್ವಂತ ಹೊಲದಲ್ಲಿ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು ತುಂಬಾ ಜನ ಇದ್ದಾರೆ, ಹಾಗಾಗಿ ಇದನ್ನು ಏಳಿಗೆ ಅಂತ ನಾನು ಹೇಳುವುದಿಲ್ಲ. ಆದರೆ ಅಕ್ಕಿ ಸಿಕ್ಕಿತು ಅಂತ ಮಲಗಿದವರ ಲೆಕ್ಕ ಅಂತೂ ಇದಲ್ಲ.

ಇನ್ನೊಂದು ವಿಷಯ, ಇದನ್ನು ನಾನು ಅಪ್ಪನಿಗೂ ಹೇಳಿದ್ದೇನೆ. ನಮ್ಮ ಈ ಜಮೀನು ಎಲ್ಲಿಂದ ಬಂತು? ಅಜ್ಜ ಗೇಣಿದಾರ, ಒಡೆಯರ ಭೂಮಿ ಉತ್ತು ಗೇಣಿ ಅಳೆಯುತ್ತಿದ್ದವರು. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗದ ವಿಷಯಕ್ಕೆ ರೈತರು ಎದ್ದು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್‌ನಿಂದ ಜಾರಿಗೆ ಬಂದ ಭೂಸುಧಾರಣೆ ಕಾನೂನಿನಲ್ಲಿ ಅಜ್ಜ ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ಹಾಕಿ, ಭೂ ನ್ಯಾಯ ಮಂಡಳಿಗೆ ಅಲೆದು ಈ ಗದ್ದೆ ಪಡೆದರು. ಆಗಲೂ ಒಡೆಯರು ಇದೇ ಮಾತು ಆಡಿದ್ದರಂತೆ: "ಇವರಿಗೆ ಪುಕ್ಕಟೆ ಭೂಮಿ ಸಿಕ್ಕರೆ ಇನ್ನು ಯಾರು ಮಾತು ಕೇಳ್ತಾರೆ?" ಸರ್ಕಾರದ ಒಂದು ತೀರ್ಮಾನದಿಂದ ಮೇಲೆ ಬಂದ ಮನೆ ನಮ್ಮದು. ಅಪ್ಪ ಓದಿದ್ದು, ನಾನು ಓದಿದ್ದು ಎಲ್ಲ ಆ ಗದ್ದೆಯಿಂದ.

"ನಮ್ಮ ತೆರಿಗೆ ದುಡ್ಡು" ಅನ್ನುವವರಿಗೆ ಒಂದು ಮಾತು. ಆ ಅಕ್ಕ ಮೊಬೈಲ್ ರೀಚಾರ್ಜ್ ಮಾಡಿಸಿದಾಗಲೆಲ್ಲ 18% ಜಿಎಸ್‌ಟಿ ಕಟ್ಟುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ಮೂಲ ತೆರಿಗೆ 30%ರಿಂದ 22%ಗೆ ಇಳಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಟ್ಟಂತೆ ಅಂತ ಸರ್ಕಾರವೇ ಹೇಳಿತು. ಅದರಿಂದ ಕಂಪನಿಗಳು ಸೋಮಾರಿಯಾಗುತ್ತವೆ ಅಂತ ಯಾರೂ ಕೇಳಲಿಲ್ಲ.

ರಾಜಕೀಯದ ವಿಷಯಕ್ಕೆ ಬಂದರೆ, ಯಾವ ಪಕ್ಷವೂ ಇದರಿಂದ ಹೊರಗಿಲ್ಲ. 2022ರ ಜುಲೈನಲ್ಲಿ ಪ್ರಧಾನಿ ಈ ಪುಕ್ಕಟೆ ಹಂಚುವುದನ್ನು 'ರೇವಡಿ' (ಮಿಠಾಯಿ) ಸಂಸ್ಕೃತಿ ಅಂತ ಟೀಕಿಸಿದರು. ಮುಂದಿನ ವರ್ಷವೇ ಮಧ್ಯಪ್ರದೇಶದಲ್ಲಿ ಅವರ ಪಕ್ಷದ ಸರ್ಕಾರ ಹೆಂಗಸರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಲಾಡ್ಲಿ ಬೆಹ್ನಾ ತಂದಿತು, 2024ರಲ್ಲಿ ಮಹಾರಾಷ್ಟ್ರದಲ್ಲಿ ಅವರ ಮೈತ್ರಿ ಸರ್ಕಾರವೂ ಹೆಂಗಸರಿಗೆ ತಿಂಗಳಿಗೆ 1500 ರೂ. ಕೊಡಲು ಶುರು ಮಾಡಿತು. ಇಲ್ಲಿ ಕಾಂಗ್ರೆಸ್ 2023ರಲ್ಲಿ ಗ್ಯಾರಂಟಿ ಹೇಳಿಯೇ ಗೆದ್ದಿತು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ, ತನ್ನ ದಾಸ್ತಾನಿನ ಧಾನ್ಯ ಮಾರುವ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು, ರಾಜ್ಯ ತಾನು ಹೆಚ್ಚುವರಿಯಾಗಿ ಕೊಡಬೇಕಿದ್ದ 5 ಕೆ.ಜಿ. ಅಕ್ಕಿಯ ಬದಲು ತಿಂಗಳಿಗೆ ತಲೆಗೆ 170 ರೂ. ಹಾಕಿತು. ಕೆ.ಜಿ.ಗೆ 34 ರೂಪಾಯಿ. ಆ ದುಡ್ಡಿಗೆ ನಮ್ಮೂರ ಅಂಗಡಿಯಲ್ಲಿ ಅಷ್ಟು ಅಕ್ಕಿ ಬರುತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿ ಕೊಡುವ ತೀರ್ಮಾನವಾಯಿತು. ಹೆಸರು ಯಾರಿಗೆ ಬರಬೇಕು ಅನ್ನುವ ಜಗಳದಲ್ಲಿ ಅಷ್ಟು ತಿಂಗಳು ಹೋದವು.

ನನಗೆ ಸಿಟ್ಟು ಬರೋದು ಇಂಥ ಕಡೆ. ಅಡಿಕೆ ಸುಲಿದು ಸುಲಿದು ಆ ಅಕ್ಕನ ಬೆರಳು ಕಪ್ಪಾಗಿ ಗೆರೆಯೆಲ್ಲ ಸವೆದಿದೆ, ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಒಂದು ದಿನದ ಕೂಲಿ ಬಿಟ್ಟು ಎರಡು ಸಲ ಹೋಗಬೇಕು. ಸೊಸೆಯ ಹೆಸರು ಕಾರ್ಡಿಗೆ ಸೇರಿಸಲು ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನರಿಗೆ ಕೊಡಬೇಕು ಅನ್ನುವುದು ಇನ್ನೂ 2011ರ ಜನಗಣತಿಯ ಮೇಲೆ ನಿಂತಿದೆ, 2021ರ ಗಣತಿ ಆ ವರ್ಷ ನಡೆಯಲೇ ಇಲ್ಲ. ಇನ್ನು ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಎಷ್ಟೋ ಹಳ್ಳಿಗೆ ಬರೋದು ಖಾಸಗಿ ಬಸ್ಸೇ, ಅಲ್ಲಿ ಹೆಂಗಸರು ಈಗಲೂ ದುಡ್ಡು ಕೊಟ್ಟೇ ಹೋಗಬೇಕು. ಗೃಹಲಕ್ಷ್ಮಿ ಕಂತು ತಡವಾದರೆ ಸಂಘದ ಸಾಲದ ಕಂತು ತಪ್ಪುತ್ತದೆ, ಯಾಕೆಂದರೆ ಆ 2000 ನಂಬಿಕೊಂಡೇ ಆ ಅಕ್ಕ ಮಗನ ಪಿಯುಸಿಗೆ ಸಾಲ ಎತ್ತಿದ್ದು.

ಹಾಗಾದರೆ ಬಡತನ ಹೋಗುತ್ತದಾ? ಇದರಿಂದಲೇ ಹೋಗುವುದಿಲ್ಲ. ಅಜ್ಜನಿಗೆ ಸಿಕ್ಕಿದ್ದು ಭೂಮಿ, ಮೂರು ತಲೆಮಾರಿಗೆ ಆಯಿತು. ಅಕ್ಕನಿಗೆ ಸಿಕ್ಕಿದ್ದು ಅಕ್ಕಿ, ತಿಂಗಳಿಗೆ ಮುಗಿಯುತ್ತದೆ. ಐದು ಗ್ಯಾರಂಟಿಗೆ ವರ್ಷಕ್ಕೆ ಸುಮಾರು 52 ಸಾವಿರ ಕೋಟಿ ಬೇಕು. ಅಷ್ಟು ಖರ್ಚಾದಾಗ ಹಳ್ಳಿ ಶಾಲೆಗೆ ಮೇಷ್ಟ್ರು ಎಲ್ಲಿ, ಆಸ್ಪತ್ರೆಗೆ ಡಾಕ್ಟರ್ ಎಲ್ಲಿ ಅಂತ ಕೇಳಲೇಬೇಕು, ನಾನೂ ಕೇಳುತ್ತೇನೆ. ಆ ಅಕ್ಕನ ಮಗ ಓದಿ ಒಂದು ಕೆಲಸ ಹಿಡಿದರೆ ಆಗ ಆ ಮನೆ ನಿಜವಾಗಿ ಮೇಲೆ ಬರುತ್ತದೆ. ಆದರೆ ಅವನು ಓದುತ್ತಿರುವುದು ಯಾಕೆ ಸಾಧ್ಯವಾಯಿತು? ಅವನ ವಯಸ್ಸಿನಲ್ಲಿ ಅವನಪ್ಪ ನಮ್ಮ ಗದ್ದೆಯಲ್ಲಿ ಅಕ್ಕಿ ಸಾಲ ತೀರಿಸುತ್ತಿದ್ದ. ಇವನ ತಲೆಯ ಮೇಲೆ ಆ ಸಾಲ ಇಲ್ಲ.

ಕಳೆದ ಸುಗ್ಗಿಯಲ್ಲಿ ಅಪ್ಪನೇ ಆ ಅಕ್ಕನ ಮನೆಗೆ ಹೋದರು. ಮುಂಚೆಯೆಲ್ಲ ಬೇಲಿಯಾಚೆ ನಿಂತು "ನಾಳೆಯಿಂದ ಬಾ" ಅಂತ ಕೂಗಿ ಬರುತ್ತಿದ್ದರು. ಈ ಸಲ ಜಗಲಿ ಮೇಲೆ ಕೂತು, ಡಬ್ಬಕ್ಕೆ ಎಷ್ಟು ತಗೊಳ್ತೀಯ ಅಂತ ಕೇಳಿದರಂತೆ. ಅವರು ಪಕ್ಕದ ಊರಿನ ದರ ಹೇಳಿದರು. ಅಪ್ಪ ಸ್ವಲ್ಪ ಎಳೆದಾಡಿ ಒಪ್ಪಿದರು. ಮಾರನೇ ದಿನ ಏಳು ಗಂಟೆಗೆ ಅವರು ನಮ್ಮ ಅಂಗಳದಲ್ಲಿದ್ದರು.