ಬ್ಯಾಕಪ್ ಸರ್ವರ್‌ಗೆ 8 ಟಿಬಿಯ ಒಂದೇ ಡಿಸ್ಕ್ ಸಾಕಾ, 4 ಟಿಬಿಯ ಎರಡು ಬೇಕಾ?

ಬೆಳಗಾವಿ ಉದ್ಯಮಬಾಗದ ನಿಮ್ಮ ಫೌಂಡ್ರಿಯಲ್ಲಿ ಕ್ಯಾಡ್ ಡ್ರಾಯಿಂಗು, ಟ್ಯಾಲಿ ಎಲ್ಲಾ ಸೇರಿ 600 ಜಿಬಿ ಇದೆ, 8 ಟಿಬಿಯ ಒಂದು ಡಿಸ್ಕ್ ಹಾಕಿದರೆ ಸಾಕಲ್ಲ ಎಂದು ಕೇಳಿದ್ದೀರಿ. ಸಾಲದು ರೀ. 4 ಟಿಬಿಯ ಎರಡು ತಗೊಂಡು ರೇಡ್ 1 ಮಾಡಿ, ಅಂದರೆ ಎರಡರಲ್ಲೂ ಒಂದೇ ಮಾಹಿತಿ ಏಕಕಾಲಕ್ಕೆ ಬರೆಯುವ ಜೋಡಿ. ಒಂಟಿ ಡಿಸ್ಕ್ ಎಷ್ಟೇ ದೊಡ್ಡದಿರಲಿ, ಅದು ಕೆಟ್ಟ ದಿನ ಹಳೆಯ ಪ್ರತಿಗಳೆಲ್ಲ ಒಟ್ಟಿಗೇ ಹೋಗುತ್ತವೆ.

ಲೆಕ್ಕ ಹಾಕಬೇಕಾದ್ದು ಇವತ್ತಿನ 600 ಜಿಬಿಯಿಂದಲ್ಲ. ದಿನಕ್ಕೆ ಎಷ್ಟು ಬದಲಾಗುತ್ತದೆ, ಎಷ್ಟು ಹಿಂದಿನ ಪ್ರತಿ ಬೇಕು, ಇವೆರಡರಿಂದ. ಡ್ರಾಯಿಂಗ್‌ನಲ್ಲಿ ಒಂದೇ ಒಂದು ರಂಧ್ರದ ಅಳತೆ ತಿದ್ದಿ ಸೇವ್ ಮಾಡಿದರೂ ಸಾಮಾನ್ಯವಾಗಿ 40 ಎಂಬಿಯ ಫೈಲು ಪೂರ್ತಿ ಹೊಸದಾಗಿ ಬರೆಯುತ್ತದೆ. ಫೈಲು ನಕಲಿಸುವ ಆರ್‌ಸಿಂಕ್ ತಂತ್ರಾಂಶದ ಹಾರ್ಡ್‌ಲಿಂಕ್ ಪದ್ಧತಿಯಲ್ಲಿ ಬದಲಾಗದ ಫೈಲಿಗೆ ಹೊಸ ಜಾಗ ಬೇಡ, ಬದಲಾದದ್ದಕ್ಕೆ ಮಾತ್ರ ಪೂರ್ತಿ 40 ಎಂಬಿ ಬೇಕು. ಮೊದಲ ಪ್ರತಿ ಆದಮೇಲೆ ಒಂದು ವಾರ ದಿನಾ ಸಂಜೆ ಆರ್‌ಸಿಂಕ್ ಅನ್ನು ಸ್ಟ್ಯಾಟ್ಸ್ (--stats) ಆಯ್ಕೆ ಹಾಕಿ ಓಡಿಸಿ, ವರ್ಗಾಯಿಸಿದ ಗಾತ್ರ ಬರೆದಿಟ್ಟುಕೊಳ್ಳಿ.

ದಿನಕ್ಕೆ 15 ಜಿಬಿ ಬಂತು ಅಂತಿಟ್ಟುಕೊಳ್ಳಿ. 30 ದಿನದ ಪ್ರತಿಗೆ 450. ತಿಂಗಳ ಪ್ರತಿ 12, ತಲಾ 60 ಹಿಡಿದರೆ 720. ಮೂಲ 600, ಮೂರು ವರ್ಷದ ಬೆಳವಣಿಗೆ 450. ಒಟ್ಟು 2220 ಜಿಬಿ. ಐದರಲ್ಲೊಂದು ಪಾಲು ಖಾಲಿ ಬಿಡಬೇಕೆಂದರೆ ಸುಮಾರು 2800. ಡಬ್ಬಿಯ ಮೇಲಿನ 4 ಟಿಬಿ ಕಂಪ್ಯೂಟರ್‌ನಲ್ಲಿ 3.6 ಅಂತ ಕಾಣುತ್ತದೆ, ಮೋಸವಲ್ಲ, 1000ದಂತೆ ಎಣಿಸುವುದಕ್ಕೂ 1024ರಂತೆ ಎಣಿಸುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ನಮ್ಮ 2800ಕ್ಕೆ ಅದು ಸಾಕು.

ಓಎಸ್‌ಗೆ ಬೇರೆಯೇ ಸಣ್ಣ ಎಸ್‌ಎಸ್‌ಡಿ ಇರಲಿ. ರೇಡ್ ಮೇಲೆ ಎಲ್‌ವಿಎಂ (ಡಿಸ್ಕಿನ ಜಾಗವನ್ನು ವಾಲ್ಯೂಮ್ ಎಂಬ ಭಾಗಗಳಾಗಿ ಹಂಚುವ ಲಿನಕ್ಸ್ ವ್ಯವಸ್ಥೆ) ಕೂರಿಸಿ ಡ್ರಾಯಿಂಗ್‌ಗೆ 2.6 ಟಿಬಿ, ಟ್ಯಾಲಿಗೆ 200 ಜಿಬಿ ಕೊಡಿ. ಉಳಿದದ್ದನ್ನು ಯಾರಿಗೂ ಹಂಚಬೇಡಿ. ಎರಡು ವಾಲ್ಯೂಮ್ ಯಾಕೆಂದರೆ, ಡ್ರಾಯಿಂಗ್ ತುಂಬಿದ ರಾತ್ರಿ ಲೆಕ್ಕಪತ್ರದ ಬ್ಯಾಕಪ್ ನಿಲ್ಲಬಾರದು. ಜಾಗ ಕಡಿಮೆ ಬಿದ್ದಾಗ, ಹಂಚದೆ ಉಳಿಸಿದ್ದರಿಂದ ವಾಲ್ಯೂಮನ್ನು ಸರ್ವರ್ ನಿಲ್ಲಿಸದೇ ಹಿಗ್ಗಿಸಬಹುದು. ಕುಗ್ಗಿಸೋದು ಕಷ್ಟ: ವಾಲ್ಯೂಮಿನ ಫೈಲ್‌ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ಕ್ರಮ) ಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಬೇಕು, ಅಂದರೆ ಬಳಕೆಯಿಂದ ಬಿಡಿಸಬೇಕು, ಎಕ್ಸ್‌ಎಫ್‌ಎಸ್‌ನಲ್ಲಿ ನೆಚ್ಚಬೇಡಿ. ಎಕ್ಸ್‌ಟಿ4 ಹಾಕಿದರೆ ಅದು ರೂಟ್‌ಗೆಂದು (ಸರ್ವರ್‌ನ ಮುಖ್ಯ ಅಡ್ಮಿನ್ ಖಾತೆಗೆ) ಶೇ. 5 ಎತ್ತಿಡುತ್ತದೆ. 2.6 ಟಿಬಿಯಲ್ಲಿ ಅದೇ 130 ಜಿಬಿ, ಶೇ. 1ಕ್ಕೆ ಇಳಿಸಿ. ಜಾಗ ಇದ್ದೂ "ಡಿಸ್ಕ್ ತುಂಬಿದೆ" ಎಂದರೆ ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆ) ಮುಗಿದಿರಬಹುದು, ಅದನ್ನೂ ನೋಡಿ.

ಕೊಳ್ಳುವಾಗ ಸಿಎಂಆರ್ ಡಿಸ್ಕೇ (ಮಾಹಿತಿಯ ಸಾಲುಗಳನ್ನು ಬೇರೆಬೇರೆಯಾಗಿ ಬರೆಯುವಂಥದ್ದು) ಕೇಳಿ. ಸಾಲಿನ ಮೇಲೆ ಸಾಲು ಹೊದಿಸಿ ಬರೆಯುವ ಎಸ್‌ಎಂಆರ್ ಅಗ್ಗ, ಆದರೆ ಜೋಡಿಯಲ್ಲಿ ಕೆಟ್ಟ ಡಿಸ್ಕನ್ನು ಬದಲಿಸಿ ರೇಡ್ ಮತ್ತೆ ಕಟ್ಟುವಾಗ ತೆವಳುತ್ತದೆ.

ಟ್ಯಾಲಿ ತೆರೆದಿರುವಾಗ ಅದರ ಫೋಲ್ಡರ್ ನಕಲಿಸಬೇಡಿ; ಟ್ಯಾಲಿಯದೇ ಬ್ಯಾಕಪ್ ತೆಗೆದು ಅದನ್ನು ಕಳಿಸಿ. ಶಾಪ್ ಫ್ಲೋರಿನ ಕಬ್ಬಿಣದ ಧೂಳಿನಿಂದ ಸರ್ವರ್ ದೂರವಿರಲಿ, ಯುಪಿಎಸ್‌ನ ಯುಎಸ್‌ಬಿ ವೈರು ಸರ್ವರ್‌ಗೆ ಜೋಡಿಸಿ, ಬ್ಯಾಟರಿ ಮುಗಿಯುವ ಮೊದಲೇ ತಾನೇ ಶಟ್‌ಡೌನ್ ಆಗಲಿ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ, ಆದರೆ ರ್‍ಯಾನ್ಸಮ್‌ವೇರ್ (ಫೈಲು ಬೀಗ ಹಾಕಿ ಹಣ ಕೇಳುವ ವೈರಸ್) ಹೊಕ್ಕರೆ ಎರಡೂ ಡಿಸ್ಕ್ ಒಟ್ಟಿಗೇ ಹಾಳು. ಹಾಗಾಗಿ 4 ಟಿಬಿಯ ಇನ್ನೊಂದು ಯುಎಸ್‌ಬಿ ಡಿಸ್ಕಿಗೆ ಪ್ರತಿ ಶನಿವಾರ ನಕಲಿಸಿ, ವೈರು ಬಿಚ್ಚಿ ಮನೆಗೆ ಒಯ್ಯಿರಿ.