ನವೆಂಬರ್ 1ಕ್ಕೆ ರಾಜ್ಯೋತ್ಸವ ಬಿಟ್ಟರೆ ಬೇರೇನು ವಿಶೇಷ?

ಜಾಸ್ತೀನೇ ಇದೆ. ರಾಜ್ಯ ಪುನರ್ವಿಂಗಡಣೆ ಜಾರಿಗೆ ಬಂದಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಮುಂಬಯಿ, ಹೈದರಾಬಾದ್, ಮದ್ರಾಸ್ ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡದ ಪ್ರದೇಶಗಳು, ಜೊತೆಗೆ ಕೊಡಗು, ಮೈಸೂರಿಗೆ ಸೇರಿದ ದಿನವೇ ಕೇರಳವೂ ಹುಟ್ಟಿತು. ಅಲ್ಲಿ ಅದು ಕೇರಳ ಪಿರವಿ. ಕಾಸರಗೋಡು ಅವರ ಪಾಲಾಗಿದ್ದೂ ಅವತ್ತೇ, ಆ ಬೇಸರ ಇನ್ನೂ ಇದೆ ಅಲ್ವಾ? ಹರಿಯಾಣ 1966ರಲ್ಲಿ, ಛತ್ತೀಸ್‌ಗಢ 2000ದಲ್ಲಿ ಇದೇ ತಾರೀಖಿಗೆ ಬಂದವು. ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ. ತಮಾಷೆ ಏನಂದ್ರೆ, ಸರಿಯಾಗಿ ಅದೇ ದಿನ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಕ್ರಿಕೆಟಿಗ ವಿ.ವಿ.ಎಸ್. ಲಕ್ಷ್ಮಣ್ ಹುಟ್ಟಿದ್ದು ಮರುವರ್ಷ, ಇದೇ ದಿನ. ಕ್ರೈಸ್ತರಿಗೆ ಇದು ಸಕಲ ಸಂತರ ಹಬ್ಬ ಕೂಡ.