ಗೇಟಿನ ಮುಂದೆ ಬೇವೋ, ಹೊಂಗೆಯೋ?

ಪ್ರಶ್ನೆ: ಅಕ್ಕಾವ್ರೆ, ಸಿಂಧನೂರಿನ ಹೊರಗೆ, ಕಾಲುವೆ ಹತ್ತಿರದ ಲೇಔಟಿನಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮೊದಲು ಅದು ಭತ್ತದ ಗದ್ದೆ ಆಗಿತ್ತಂತೆ. ಗೇಟಿನ ಬದಿ ಒಂದೇ ಒಂದು ಮರಕ್ಕೆ ಜಾಗ ಇದೆ. ನಮ್ಮ ಅತ್ತೆಯವರು ಬೇವೇ ಹಚ್ಚಬೇಕು ಅಂತಾರೆ. ಬೇವಿದ್ದ ಮನೆಗೆ ರೋಗ ಬರಲ್ಲ, ಅದು ರಾತ್ರಿಯೂ ಆಮ್ಲಜನಕ ಕೊಡುತ್ತೆ ಅನ್ನೋದು ಅವರ ಮಾತು. ನಮ್ಮ ಮನೆಯವರು ಹೊಂಗೆ ಅಂತಾರೆ, ನೆರಳು ದಟ್ಟ ಅಂತ. ಹೋದ ಮಳೆಗಾಲದಲ್ಲಿ ಒಂದು ಬೇವಿನ ಸಸಿ ಹಚ್ಚಿದ್ದೆವು. ದಿನಾ ನೀರು ಹಾಕಿದರೂ ಎಲೆ ಹಳದಿಯಾಗಿ ಸತ್ತುಹೋಯಿತು. ಈಗ ಏನು ಹಚ್ಚೋಣ?
— ಒಬ್ಬ ಓದುಗಿ, ಸಿಂಧನೂರು

ಉತ್ತರ: ತಂಗಿ, ದಿನಾ ನೀರು ಹಾಕಿದ್ದಕ್ಕೇ ಅದು ಸತ್ತಿದ್ದು. ಗದ್ದೆಯಾಗಿದ್ದ ಎರೆ ನೆಲ, ಪಕ್ಕದಲ್ಲಿ ಕಾಲುವೆ, ಮೇಲೆ ಮಳೆಗಾಲ, ಅದರ ಮೇಲೆ ನಿಮ್ಮ ಎರಡು ಕೊಡ ನೀರು. ಬೇವು ಬಿಸಿಲು ತಡೆಯುತ್ತೆ, ಬರ ತಡೆಯುತ್ತೆ, ಕಲ್ಲು ನೆಲ ತಡೆಯುತ್ತೆ. ಬುಡದಲ್ಲಿ ನೀರು ನಿಂತರೆ ಮಾತ್ರ ತಡೆಯೋದಿಲ್ಲ. ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತೆ. ಮೇಲೆ ಎಲೆ ಹಳದಿಯಾದಾಗ ನಾವು ನೀರು ಸಾಲಲಿಲ್ಲ ಅಂತ ಇನ್ನೊಂದು ಕೊಡ ಸುರಿಯುತ್ತೇವೆ.

ಮಾನ್ವಿ ಕಡೆ ನನ್ನ ಸಸಿ ನರ್ಸರಿಗೆ ಬರುವವರಲ್ಲಿ ಒಂದು ತಮಾಷೆ ನೋಡುತ್ತಿರುತ್ತೇನೆ. ಕಾಲುವೆ ನೀರಿನ ಊರವರು ಬೇವು ಬೇಕು ಅಂತಾರೆ. ಲಿಂಗಸುಗೂರು, ದೇವದುರ್ಗದ ಖುಷ್ಕಿ ಊರವರು ಬಂದು ಹೊಂಗೆ ಕೊಡಿ ಅಂತಾರೆ. ತಮ್ಮೂರಲ್ಲಿ ಕಡಿಮೆ ಇರೋದರ ಮೇಲೇ ಎಲ್ಲರಿಗೂ ಆಸೆ. ನಾನು ಯಾರಿಗೂ ಮೊದಲು ಸಸಿ ತೋರಿಸೋದಿಲ್ಲ. ಮನೆಗೆ ಹೋಗಿ ಒಂದು ಗುಣಿ ತೋಡಿ ಬನ್ನಿ ಅಂತೀನಿ.

ನೀವೂ ಅದನ್ನೇ ಮಾಡಿ. ಮರ ಬರಬೇಕಾದ ಜಾಗದಲ್ಲೇ ಎರಡಡಿ ಆಳ ತೋಡಿ. ಸಂಜೆ ಗುಣಿ ತುಂಬ ನೀರು ತುಂಬಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ಮಲಗಿ. ಬೆಳಿಗ್ಗೆ ನೋಡಿ. ನೀರು ಪೂರ್ತಿ ಇಂಗಿದ್ದರೆ ಬೇವು ಹಚ್ಚಬಹುದು, ಅತ್ತೆಯವರು ಗೆದ್ದರು. ತಳದಲ್ಲಿ ಗೇಣುದ್ದ ನೀರು ಹಾಗೇ ನಿಂತಿದ್ದರೆ ಹೊಂಗೆ. ಗುಣಿಯಿಂದ ತೆಗೆದ ಮಣ್ಣನ್ನೂ ನಾಲ್ಕು ದಿನ ಬಿಸಿಲಿಗೆ ಬಿಟ್ಟು ನೋಡಿ. ಹೆಂಟೆಯ ಮೇಲೆ ಬಿಳಿ ಪುಡಿ ಕಟ್ಟಿದರೆ ಅದು ಸವಳು, ಅಂದರೆ ಉಪ್ಪೇರಿದ ಮಣ್ಣು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗೆ ನೀರು ಬಂದ ಮೇಲೆ, ಈ ಕಡೆ ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಎಷ್ಟೋ ಹೊಲ ಸವಳಾಗಿವೆ, ನೀರು ಹಿಡಿದು ಜವಳಾಗಿವೆ. ಅಂಥ ಹೊಲಗಳೇ ಈಗ ಲೇಔಟು ಆಗುತ್ತಿವೆ. ಸ್ವಲ್ಪ ಸವಳನ್ನು ಬೇವೂ ಸಹಿಸುತ್ತೆ. ಸವಳೂ ಜವಳೂ ಒಟ್ಟಿಗೆ ಇದ್ದರೆ ಅದರ ಕೈಲಿ ಆಗೋದಿಲ್ಲ. ಹೊಂಗೆ ಮೂಲತಃ ಹಳ್ಳ-ಹೊಳೆ ದಂಡೆಯ ಮರ, ಸಮುದ್ರದ ದಂಡೆಯಲ್ಲೂ ಬೆಳೆಯುತ್ತೆ. ಉಪ್ಪು, ನೀರು ಎರಡೂ ಅದಕ್ಕೆ ಹೊಸದಲ್ಲ.

ನೀವು ಬರೆದಿದ್ದು ನೋಡಿದರೆ ನಿಮ್ಮ ಗುಣಿಯಲ್ಲಿ ನೀರು ನಿಲ್ಲುತ್ತೆ ಅಂತಲೇ ನನ್ನ ಅಂದಾಜು. ಹಾಗಾಗಿ ಹೊಂಗೆಯ ಬಗ್ಗೆ ಜಾಸ್ತಿ ಹೇಳುತ್ತೇನೆ.

ಹೊಂಗೆ ನೇರ ಮೇಲಕ್ಕೆ ಹೋಗೋ ಮರ ಅಲ್ಲ. ಸೊಂಟದೆತ್ತರದಲ್ಲೇ ಕವಲೊಡೆದು ಪೊದೆ ಆಗುತ್ತೆ. ಗೇಟಿನ ಹತ್ತಿರ ಅಂದಮೇಲೆ ಮೊದಲ ಮೂರ್ನಾಲ್ಕು ವರ್ಷ ಕೆಳಗಿನ ಕವಲು ತೆಗೆಯುತ್ತಾ, ಒಂದೇ ಬೊಡ್ಡೆ ಏಳೆಂಟು ಅಡಿ ಏರೋ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಕಾರು ತೆಗೆಯುವಾಗೆಲ್ಲ ಕೊಂಬೆ ಬಡಿಯುತ್ತೆ, ಆಮೇಲೆ ಸಿಟ್ಟಿನಲ್ಲಿ ಅಡ್ಡಾದಿಡ್ಡಿ ಕಡಿಯುತ್ತೀರಿ. ಚಳಿಗಾಲದ ಕೊನೆಗೆ ಎಲೆ ಉದುರುತ್ತೆ. ಯುಗಾದಿ ಹೊತ್ತಿಗೆ ಎಣ್ಣೆ ಹಚ್ಚಿದಂಥ ಮಿರಿಮಿರಿ ತಿಳಿಹಸಿರು ಚಿಗುರು ಬಂದುಬಿಡುತ್ತೆ. ಏಪ್ರಿಲ್-ಮೇನಲ್ಲಿ ರಾಯಚೂರು ಜಿಲ್ಲೆ 40 ಡಿಗ್ರಿ ದಾಟಿ ಕಾಯುವಾಗ ಅದರ ನೆರಳು ತುಂಬಿರುತ್ತೆ. ಬೇವಿನ ನೆರಳು ಜಾಳು. ಗಾಳಿ ಆಡುತ್ತೆ, ಕಟ್ಟೆ ಕಟ್ಟಿ ಕೂರೋಕೆ ಅದೇ ಹಿತ. ಆದರೆ ಪಡುವಣ ಬಿಸಿಲು ಬೀಳೋ ಗೋಡೆಗೆ ಹೊಂಗೆಯೇ ಬೇಕು.

ತೊಂದರೆಯನ್ನೂ ಹೇಳಿಬಿಡ್ತೀನಿ, ಆಮೇಲೆ ನನ್ನನ್ನು ಬೈಬೇಡಿ. ಹೊಂಗೆ ಹೂಬಿಟ್ಟಾಗ ಪ್ರತಿ ಬೆಳಿಗ್ಗೆ ಅಂಗಳದಲ್ಲಿ ಮಂಡಾಳು ಚೆಲ್ಲಿದ ಹಾಗಿರುತ್ತೆ. ಹೂವಿನ ತುಂಬ ಜೇನ್ನೊಣ. ಮುಂದಿನ ಬೇಸಿಗೆಗೆ ಕಾಯಿ ಒಣಗಿ ಬೀಳುತ್ತೆ. ಗಟ್ಟಿ ಚಪ್ಪಟೆ ಕಾಯಿ, ಬರಿಗಾಲಲ್ಲಿ ತುಳಿದರೆ ಚುಚ್ಚುತ್ತೆ. ಬೇರು ಅಗಲಕ್ಕೂ ಹರಿಯುತ್ತೆ, ಪೈಪ್‌ಲೈನಿಗೆ ಅಂತ ಅಗೆದು ಬೇರು ಕಡಿದರೆ ಆ ಜಾಗದಿಂದಲೇ ಮರಿ ಸಸಿ ಏಳುತ್ತೆ. ಅದಕ್ಕೇ ಮನೆ ಗೋಡೆಯಿಂದ 12 ಅಡಿಯಾದರೂ ದೂರ ಇರಲಿ, ನೀರಿನ ಸಂಪಿನ ಹತ್ತಿರ ಬೇಡವೇ ಬೇಡ. ಬೇವಾದರೂ ಇದೇ ಮಾತು, ಇನ್ನೂ ಜಾಸ್ತಿ ದೂರ. ಎರೆ ನೆಲ ಮೊದಲೇ ಬೇಸಿಗೆಯಲ್ಲಿ ಬಿರಿಯುತ್ತೆ. ದೊಡ್ಡ ಮರ ಅಡಿಪಾಯದ ಪಕ್ಕದ ನೀರನ್ನೆಲ್ಲ ಹೀರಿದರೆ ಗೋಡೆಯೂ ಬಿರಿಯುತ್ತೆ. ಮೇಲೆ ಕರೆಂಟಿನ ತಂತಿ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಎರಡೂ ಬೇಡ. ವರ್ಷಾ ವರ್ಷಾ ಅರ್ಧ ಮರ ಕಡಿಸಿಕೊಂಡು ನಿಲ್ಲೋ ಮರ ನೋಡೋಕಾಗಲ್ಲ.

ಇನ್ನು ಆಮ್ಲಜನಕದ ಮಾತು. ಎಲೆ ಆಮ್ಲಜನಕ ಮಾಡೋದು ಬೆಳಕಿನಲ್ಲಿ. ರಾತ್ರಿ ಬೇವು, ಹೊಂಗೆ, ಅರಳಿ ಎಲ್ಲವೂ ನಮ್ಮಂತೆಯೇ ಉಸಿರಾಡುತ್ತವೆ ಅಷ್ಟೆ. ಅತ್ತೆಯವರ ಜೊತೆ ಈ ವಿಷಯಕ್ಕೆ ವಾದ ಬೇಡ. ಯುಗಾದಿಗೆ ಬೇವಿನ ಹೂವು ಬೇಕಲ್ವಾ, ಓಣಿಯ ಎತ್ತರದ ಜಾಗದಲ್ಲಿ, ಗುಡಿ ಹತ್ತಿರ, ಅವರ ಕೈಯಿಂದಲೇ ಒಂದು ಬೇವು ಹಚ್ಚಿಸಿ. ಬೇವಿನ ಆಯಸ್ಸು ದೊಡ್ಡದು, ನೂರು ವರ್ಷ ದಾಟುತ್ತೆ. ಅದಕ್ಕೆ ಗೇಟಿನ ಬದಿಗಿಂತ ಅಂಥ ಜಾಗವೇ ಒಪ್ಪುತ್ತೆ.

ಪ್ರಶ್ನೆ: ಕುಷ್ಟಗಿ ಹತ್ತಿರ ಮೂರು ಎಕರೆ ಮಸಾರಿ ಹೊಲ ಇದೆ. ಮಳೆಯಾಶ್ರಿತ. ಸಜ್ಜೆ, ತೊಗರಿ ಬೆಳೆಯುತ್ತೇನೆ. ಬದುವಿನ ಮೇಲೆ ಮರ ಹಚ್ಚಬೇಕು. ಲಾಭ ಯಾವುದರಲ್ಲಿ ಜಾಸ್ತಿ?
— ರೈತರೊಬ್ಬರು, ಕುಷ್ಟಗಿ

ಉತ್ತರ: ಅಣ್ಣಾವ್ರೆ, ಮಸಾರಿ ನೆಲ, ಬದುವಿನ ಎತ್ತರ, ನೀರು ನಿಲ್ಲೋ ಮಾತೇ ಇಲ್ಲ. ಬೇವು ಕಣ್ಣುಮುಚ್ಚಿ ಹಚ್ಚಿ. ಬೇರೂರಿದ ಮೇಲೆ ವರ್ಷಕ್ಕೆ 400 ಮಿಲಿಮೀಟರ್ ಮಳೆಯಾದರೂ ಅದು ಬದುಕುತ್ತೆ, ನಿಮ್ಮ ಕಡೆ ಅದಕ್ಕಿಂತ ಜಾಸ್ತಿಯೇ ಆಗುತ್ತೆ. ಹೊಂಗೆಯೂ ಬದುಕುತ್ತೆ, ಆದರೆ ಮಳೆಯಾಶ್ರಿತ ಬದುವಿನಲ್ಲಿ ಮೊದಲೆರಡು ಬೇಸಿಗೆ ನೀರು ಹೊತ್ತು ಹಾಕೋರು ಯಾರು?

ಲಾಭ ಅಂದರೆ ದುಡ್ಡೇ ಅಂತ ಲೆಕ್ಕ ಹಾಕಬೇಡಿ. ಜೈವಿಕ ಇಂಧನ ನೀತಿ ಅಂತ ನಮ್ಮ ರಾಜ್ಯದಲ್ಲಿ 2009ರಲ್ಲೇ ಬಂತು, ಎಣ್ಣೆಯಿಂದ ಇಂಧನ ಮಾಡ್ತಾರೆ, ಹೊಂಗೆ ಬೀಜಕ್ಕೆ ಚಿನ್ನದ ಬೆಲೆ ಬರುತ್ತೆ ಅಂತ ಆಗ ಎಲ್ಲರೂ ಆಡಿಕೊಂಡರು. ಆ ಆಸೆಯಿಂದ ಮರ ಹಚ್ಚೋದು ಬೇಡ. ಖರ್ಚು ಉಳಿಯೋದು ನೋಡಿ. ತೊಗರಿಗೆ ಕಾಯಿಕೊರಕ ಬೀಳುತ್ತಲ್ಲ, ಬೇವಿನ ಬೀಜದ ಕಷಾಯ ನೀವೇ ಮಾಡಿಕೊಳ್ಳಬಹುದು. ಸಿಪ್ಪೆ ತೆಗೆದ ಬೀಜ 5 ಕೆ.ಜಿ. ಕುಟ್ಟಿ ಪುಡಿ ಮಾಡಿ, 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, 100 ಗ್ರಾಂ ಸೋಪಿನ ಪುಡಿ ಕಲಸಿ, 100 ಲೀಟರ್‌ಗೆ ನೀರು ಸೇರಿಸಿ. ಸಂಜೆ ಹೊತ್ತು ಹೊಡೆಯಿರಿ. ಬಿಸಿಲಿಗೆ ಅದರ ಸತ್ವ ಬೇಗ ಹೋಗುತ್ತೆ. ಮೊಟ್ಟೆ, ಸಣ್ಣ ಹುಳು ಇರುವಾಗಲೇ ಹೊಡೆಯಬೇಕು, ದಪ್ಪ ಹುಳು ಬಲಿತ ಮೇಲೆ ಸುಮ್ನೆ ದಂಡ. ನೀವು ತರುವ ಯೂರಿಯಾ ಚೀಲದ ಮೇಲೂ ಬೇವಿನ ಹೆಸರೇ ಇರುತ್ತೆ, ನೋಡಿರಬಹುದು. 2015ರಲ್ಲಿ ರೈತರಿಗೆ ಮಾರೋ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯ ಮಾಡಿದರು. ಸಾರಜನಕ ಮಣ್ಣಲ್ಲಿ ನಿಧಾನಕ್ಕೆ ಬಿಡುಗಡೆಯಾಗಲಿ ಅಂತ.

ಕಟ್ಟಿಗೆಯ ಮಾತಿಗೆ ಬಂದರೆ ಹೋಲಿಕೆಯೇ ಇಲ್ಲ. ಬೇವಿಗೆ ಗೆದ್ದಲು ಅಷ್ಟಾಗಿ ಹತ್ತೋದಿಲ್ಲ, ಬಾಗಿಲು ಚೌಕಟ್ಟಿಗೂ ಆಗುತ್ತೆ. ಹೊಂಗೆ ಕಟ್ಟಿಗೆ ಬೇಗ ಹುಳ ಹಿಡಿಯುತ್ತೆ, ಒಲೆಗೆ ಸರಿ.

ಆದರೂ ಒಂದು ಹೊಂಗೆ ಹಚ್ಚಿ, ಹೊಲದ ತಗ್ಗಿನ ಮೂಲೆಯಲ್ಲಿ, ಮಳೆನೀರು ಹರಿದು ಹೋಗೋ ಕಡೆ. ಅದು ತೊಗರಿಯಂತೆ ದ್ವಿದಳ ಜಾತಿ. ಸಸಿ ಚೀಲ ಹರಿದಾಗ ಬೇರು ನೋಡಿ, ಸಣ್ಣ ಸಣ್ಣ ಗಂಟು ಇರುತ್ತೆ. ಒಂದು ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು ಕಂಡರೆ ಗಾಳಿಯ ಸಾರಜನಕ ಹಿಡಿಯೋ ಕೆಲಸ ನಡೀತಿದೆ ಅಂತ. ಬೂದುಬಣ್ಣ ಇದ್ದರೆ ಇನ್ನೂ ಶುರುವಾಗಿಲ್ಲ, ಇಲ್ಲ ಮುಗಿದಿದೆ. ಸೊಪ್ಪನ್ನು ಕಡಿದು ಹೊಲಕ್ಕೆ ಹಾಕಿದರೆ ಒಳ್ಳೆ ಹಸಿರೆಲೆ ಗೊಬ್ಬರ. ಕುರಿ-ಮೇಕೆ ಹೊಂಗೆ ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕೋದಿಲ್ಲ. ಬೇವಿನ ಸಸಿಯನ್ನು ಮೇಕೆ ಬಿಡೋದಿಲ್ಲ, ಅದಕ್ಕೆ ಬಳ್ಳಾರಿ ಜಾಲಿಯ ಮುಳ್ಳು ಸುತ್ತಿ. ಆ ಜಾಲಿಯಿಂದ ನಮಗೆ ಆಗೋ ಉಪಕಾರ ಅಂದರೆ ಅದೊಂದೇ ಇರಬೇಕು.

ಮುಂಗಾರಿನ ಮೊದಲ ಮಳೆಗೇ ಅವಸರ ಬೇಡ. ಗುಣಿ ಮೇ ತಿಂಗಳಲ್ಲೇ ತೋಡಿ ಬಿಸಿಲು ತಿನ್ನಿಸಿ. ಮಳೆ ಹದವಾಗಿ ಹಿಡಿದುಕೊಂಡ ಮೇಲೆ ಹಚ್ಚಿ. ನಮ್ಮ ಕಡೆ ದೊಡ್ಡ ಮಳೆ ಆಗಸ್ಟ್-ಸೆಪ್ಟೆಂಬರಿನದು.

ಪ್ರಶ್ನೆ: ನಮ್ಮ ಶಾಲೆಯ ಅಂಗಳದ ಹೊಂಗೆ ಮರದ ಎಲೆ ತುಂಬ ಬೊಬ್ಬೆ ಎದ್ದಿದೆ. ಕೆಲವು ಎಲೆಯಲ್ಲಿ ಬೆರಳಿನಂತೆ ಉದ್ದಕ್ಕೆ ನಿಂತಿವೆ. ರೋಗದ ಮರ, ಕಡಿಸಿಬಿಡಿ ಅಂತ ಪಾಲಕರು ಹೇಳುತ್ತಿದ್ದಾರೆ.
— ಶಿಕ್ಷಕಿಯೊಬ್ಬರು, ಕೊಪ್ಪಳ

ಉತ್ತರ: ಕಡಿಸಬೇಡಿ, ಟೀಚರ್. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ ಅದು. ಎಲೆಯನ್ನು ಕೆರಳಿಸಿ ಗಂಟು ಎಬ್ಬಿಸಿಕೊಂಡು ಒಳಗೆ ವಾಸ ಮಾಡುತ್ತೆ. ಗಂಟಿಲ್ಲದ ದೊಡ್ಡ ಹೊಂಗೆ ಮರವನ್ನು ನಾನಂತೂ ನೋಡಿಲ್ಲ. ಮಕ್ಕಳಿಗೆ ಅಂಟೋದಿಲ್ಲ, ಮರವೂ ಸಾಯೋದಿಲ್ಲ. ಔಷಧಿ ಹೊಡೆಸಬೇಡಿ, ಮಕ್ಕಳು ಓಡಾಡೋ ಜಾಗ. ಬೇಕಾದರೆ ಒಂದು ಗಂಟು ಸೀಳಿ ಭೂತಗನ್ನಡಿಯಲ್ಲಿ ತೋರಿಸಿ, ಆ ದಿನದ ವಿಜ್ಞಾನದ ಪಾಠ ಮುಗಿಯಿತು.

ಪ್ರಶ್ನೆ: ಮನೆ ಮುಂದಿನ 20 ವರ್ಷದ ಬೇವು ಹೋದ ಸೆಪ್ಟೆಂಬರಿನಲ್ಲಿ ತುದಿಯಿಂದ ಸುಟ್ಟ ಹಾಗೆ ಕಂದಾಯಿತು. ಅದಿರಿನ ಲಾರಿಗಳ ದೂಳಿನಿಂದ ಹೀಗಾಗಿದೆ ಅಂತಾರೆ. ಮರ ಹೋಯಿತಾ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ದೂಳು ಎಲೆಗೆ ಒಳ್ಳೇದಲ್ಲ, ನಿಜ. ಆದರೆ ತುದಿಯಿಂದ ಕೆಳಕ್ಕೆ ಒಣಗುತ್ತಾ ಬಂದರೆ, ಅದೂ ಮಳೆಗಾಲದ ಕೊನೆಗೆ, ಅದು ತುದಿ ಒಣಗುವ ರೋಗ. ಒಂದು ಶಿಲೀಂಧ್ರ ಎಳೆ ಕಡ್ಡಿಗಳನ್ನು ಒಣಗಿಸುತ್ತೆ. ಟೀ ಸೊಳ್ಳೆ ಅಂತ ಕರೆಯೋ ತಿಗಣೆ ಜಾತಿಯ ಕೀಟ ಚಿಗುರಿನ ರಸ ಹೀರಿದರೂ ತುದಿ ಹೀಗೇ ಕಪ್ಪಾಗುತ್ತೆ. ಎರಡೂ ಒಟ್ಟಿಗೆ ಬಂದರೆ ಇಡೀ ಮರ ಬೆಂಕಿ ತಗುಲಿದಂತೆ ಕಾಣುತ್ತೆ. 2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಊರೂರ ಬೇವು ಹೀಗೆ ಒಣಗಿ ಜನ ಗಾಬರಿಯಾಗಿದ್ದರು.

ಮರ ಹೋಗಿಲ್ಲ ಅಂತ ನೀವೇ ಪರೀಕ್ಷೆ ಮಾಡಿ. ಹೆಬ್ಬೆರಳು ದಪ್ಪದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ, ಫೆಬ್ರುವರಿ-ಮಾರ್ಚಿಗೆ ಚಿಗುರುತ್ತೆ. ಒಣಗಿದ ತುದಿಗಳನ್ನು ಹಸಿರು ಸಿಗೋವರೆಗೆ ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಬುಡದಲ್ಲೇ ಗುಡ್ಡೆ ಹಾಕಬೇಡಿ. 40 ಅಡಿ ಮರಕ್ಕೆ ಔಷಧಿ ಹೊಡೆಸೋದು ದುಡ್ಡು ದಂಡ. ಬುಡದ ಸುತ್ತ ಸಿಮೆಂಟು ಬಳಿದಿದ್ದರೆ ಮಾತ್ರ ಒಡೆಸಿ, ಮೂರಡಿ ಅಗಲದ ಪಾತಿ ಬಿಡಿ. ಬಳ್ಳಾರಿ ಬಿಸಿಲಿಗೆ ಕಾಯುವ ಸಿಮೆಂಟಿನಡಿ ಯಾವ ಬೇರು ತಾನೇ ಸುಖವಾಗಿರುತ್ತೆ?

ಪ್ರಶ್ನೆ: ಹೋದ ವರ್ಷ ಆರಿಸಿ ಡಬ್ಬಿಯಲ್ಲಿಟ್ಟ ಬೇವಿನ ಬೀಜ, ಹೊಂಗೆ ಬೀಜ ಎರಡನ್ನೂ ಚೀಲಕ್ಕೆ ಹಾಕಿದೆ. ಹೊಂಗೆ ಒಂದಷ್ಟು ಮೊಳೆಯಿತು, ಬೇವು ಒಂದೂ ಇಲ್ಲ.
— ವಿದ್ಯಾರ್ಥಿಯೊಬ್ಬ, ದೇವದುರ್ಗ

ಉತ್ತರ: ತಮ್ಮಾ, ಹೊಂಗೆ ಬೀಜ ಡಬ್ಬಿಯಲ್ಲಿ ತಿಂಗಳುಗಟ್ಟಲೆ ತಾಳುತ್ತೆ. ಬೇವಿನ ಬೀಜ ಎರಡು ಮೂರು ವಾರ ದಾಟಿದರೆ ಮೊಳೆಯೋ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತೆ. ಜೂನ್-ಜುಲೈನಲ್ಲಿ ಹಳದಿ ಹಣ್ಣು ಆರಿಸು. ತಿರುಳು ಹಿಂಡಿ ತೆಗೆದು, ನೀರಲ್ಲಿ ತೊಳೆದು, ಎರಡು ದಿನ ನೆರಳಲ್ಲಿ ಆರಿಸಿ ಕೂಡಲೇ ಚೀಲಕ್ಕೆ ಹಾಕು. ಒಂದು ಇಂಚಿಗಿಂತ ಆಳ ಬೇಡ. ಮರದ ಕೆಳಗೆ ಹಕ್ಕಿ, ಬಾವಲಿ ತಿಂದು ಉಗುಳಿದ ಬೀಜ ಬಿದ್ದಿರುತ್ತೆ, ಹೊಸದಾಗಿದ್ದರೆ ಅದನ್ನೇ ಆರಿಸಿಕೋ, ತೊಳೆಯೋ ಕೆಲಸ ಉಳಿಯುತ್ತೆ. ಡಬ್ಬಿಯಲ್ಲಿರೋ ಹಳೇ ಬೀಜ ಬಿಸಾಡಬೇಡ. ಕುಟ್ಟಿ ಪುಡಿ ಮಾಡಿ ಹೂಕುಂಡದ ಮಣ್ಣಿಗೆ ಬೆರೆಸು.